ಭಾವನವರ ಉಣ್ಣೆ ವಿದ್ಯೆ

ನಮ್ಮ ಭಾವ ಕಲಾವಿದರಾಗಲು ಹೊರಟವರೇ ಅಲ್ಲ. ಅವರು ಹೊರಟದ್ದು ಒಂದು ಸ್ವೆಟರ್ ಒಗೆಯಲು. ಈ ಎರಡು ಕೆಲಸಗಳ ನಡುವೆ ಇಷ್ಟು ಹತ್ತಿರದ ನಂಟಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಆ ಭಾನುವಾರ ಅವರು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ.

ಭಾವ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರು. ನಲ್ಲಿಯಲ್ಲಿ ನೀರಿಲ್ಲ ಎಂದು ಸಿಟ್ಟಿನಿಂದ ಬಂದವರಿಗೆ ಹಳದಿ ಕಾಗದದ ಒಂದು ರಸೀತಿ ಕೊಟ್ಟು, ಅದರ ಮೇಲೆ ‘ಪರಿಶೀಲನೆಯಲ್ಲಿದೆ’ ಎಂಬ ನೇರಳೆ ಮುದ್ರೆ ಒತ್ತಿ, ತಣ್ಣಗೆ ಮಾಡಿ ಕಳುಹಿಸುವುದು ಅವರ ವೃತ್ತಿ. ವರ್ಷಗಟ್ಟಲೆ ಅದನ್ನೇ ಮಾಡಿದ್ದರಿಂದ ಆ ಮುದ್ರೆ ಅವರ ಬಾಯಿಗೂ ಅಂಟಿಕೊಂಡುಬಿಟ್ಟಿದೆ. ಅಕ್ಕ ಅಡುಗೆಮನೆಯಿಂದ, “ರೀ, ಗ್ಯಾಸ್ ಮುಗೀತು” ಎಂದು ಕೂಗಿದರೆ ಭಾವ ಪತ್ರಿಕೆಯಿಂದ ತಲೆ ಎತ್ತದೆ, “ಪರಿಶೀಲಿಸೋಣ” ಎನ್ನುತ್ತಾರೆ. ನಾನು ಆ ಮನೆಯ ಮಹಡಿ ಕೋಣೆಯಲ್ಲಿ ಇರುವವನು, ಅಂದರೆ ಅಕ್ಕನ ಬಾಡಿಗೆ ಕೊಡದ ತಮ್ಮ. ಮನೆಯಲ್ಲಿ ಏನು ನಡೆದರೂ ಸಾಕ್ಷಿಯಾಗಿ ನಿಲ್ಲುವುದನ್ನೇ ಬಾಡಿಗೆಯ ಬದಲಿಗೆ ಮಾಡಿಕೊಂಡು ಬಂದಿದ್ದೇನೆ.

ಇನ್ನು ಸ್ವೆಟರಿನ ವಿಷಯ. ಅದು ನಮ್ಮ ಅಮ್ಮ ಹೆಣೆದದ್ದು. ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ಒಂದು ಹೊಲಿಗೆ ಎಳ್ಳಷ್ಟು ಆಚೀಚೆ ಆದರೆ ಇಡೀ ಬಟ್ಟೆಯನ್ನು ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದವಳು. ಅವಳ ಕೈಯಲ್ಲಿ ಕಲಿತವರು ಈಗ ಅಜ್ಜಿಯರಾಗಿದ್ದರೂ ಬೀದಿಯಲ್ಲಿ ಅಮ್ಮ ಎದುರಾದರೆ ತಮ್ಮ ಬಟ್ಟೆಯ ಅಂಚನ್ನು ಕೈಯಿಂದ ಮುಚ್ಚಿಕೊಳ್ಳುತ್ತಾರೆ. ಇಂಥವಳ ಮುಂದೆ ಭಾವ ಮೊದಲ ಸಲ ಬಂದು ನಿಂತದ್ದು, ಅಂಗಿಯ ಮೇಲಿನ ಗುಂಡಿಯನ್ನು ಎರಡನೆಯ ತೂತಿಗೆ ಹಾಕಿಕೊಂಡು. ಒಂದು ತಪ್ಪಿದ ಮೇಲೆ ಉಳಿದದ್ದೆಲ್ಲ ತಪ್ಪುವುದು ಗುಂಡಿಗಳ ಧರ್ಮ. ಅಮ್ಮ ನೋಡಿದಳು. ಮದುವೆಗೆ ಅಡ್ಡಿ ಮಾಡಲಿಲ್ಲ, ಆದರೆ ಅಂದಿನಿಂದ ಅಳಿಯನ ಜೊತೆ ನೇರವಾಗಿ ಮಾತಾಡಲೂ ಇಲ್ಲ. ಭಾವ ಎದುರಿನ ಕುರ್ಚಿಯಲ್ಲೇ ಕೂತಿದ್ದರೂ ಅಕ್ಕನಿಗೆ, “ಅವರಿಗೆ ಕಾಫಿ ಬೇಕಾ ಕೇಳು” ಎನ್ನುತ್ತಿದ್ದಳು. ಭಾವ ಅಕ್ಕನಿಗೆ, “ಬೇಕು ಅಂತ ಹೇಳು” ಎನ್ನುತ್ತಿದ್ದರು.

ಹೀಗಿರುವಾಗ ಎರಡು ಚಳಿಗಾಲದ ಹಿಂದೆ ಅಮ್ಮನಿಂದ ಒಂದು ಪಾರ್ಸೆಲ್ ಬಂತು. ಒಳಗೆ ಕೆನೆ ಬಣ್ಣದ, ಎದೆಯ ಮೇಲೆ ಜೇಬಿರುವ, ಮೆತ್ತನೆಯ ಉಣ್ಣೆ ಸ್ವೆಟರ್. ಭಾವ ಹಾಕಿಕೊಂಡರು, ಅಕ್ಕ ಫೋಟೋ ತೆಗೆದು ಕಳಿಸಿದಳು. ಕೆಲವು ದಿನ ಬಿಟ್ಟು ಫೋನ್ ಬಂತು. “ಅಳಿಯಂದಿರೇ, ಹೇಗಿದ್ದೀರಿ?” ಎಂದಳು ಅಮ್ಮ. ಭಾವ ಫೋನ್ ಹಿಡಿದುಕೊಂಡೇ ಎದ್ದು ನಿಂತರು. ಮಾತು ಮುಗಿದ ಮೇಲೂ ಕೂರಲಿಲ್ಲ. “ನನ್ನನ್ನೇ ಕೇಳಿದ್ರು ಕಣೋ, ನನ್ನನ್ನೇ” ಎಂದು ನನಗೆ ಹೇಳುವಾಗ ಕಣ್ಣು ತುಂಬಿತ್ತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಮನುಷ್ಯ. ಆ ಸ್ವೆಟರನ್ನು ಎರಡು ರಾಜ್ಯಗಳ ನಡುವಿನ ಸಂಧಿಪತ್ರದಂತೆ ಕಾಪಾಡಿಕೊಂಡು ಬಂದರು.

ಈಗ ಅಮ್ಮ ನಮ್ಮ ಮನೆಗೆ ಬರುವುದಾಗಿ ಹೇಳಿ ಕಳಿಸಿದ್ದಳು. ಅದೇ ಸಮಯಕ್ಕೆ ಸಂಧಿಪತ್ರದ ಮೇಲೆ ಭಾವ ಚಹಾ ಚೆಲ್ಲಿಕೊಂಡರು.

ಅಕ್ಕನಿಗೆ ಹೇಳಿದ್ದರೆ ಅವಳು ತಣ್ಣೀರಿನಲ್ಲಿ ಅದ್ದಿ, ಮೆಲ್ಲಗೆ ಹಿಂಡಿ, ನೆರಳಲ್ಲಿ ಒಣಗಿಸಿ ಕೊಡುತ್ತಿದ್ದಳು. ಆದರೆ ಹೇಳಬೇಕಲ್ಲ! ಭಾನುವಾರ ಅಕ್ಕ ಹೊರಗೆ ಹೋದದ್ದೇ ತಡ, ಭಾವ ಸ್ವೆಟರನ್ನು ಬಟ್ಟೆ ಒಗೆಯುವ ಮಷೀನಿಗೆ ಹಾಕಿದರು. ಚಹಾ ಬಿಸಿಯಾಗಿತ್ತು, ಆದ್ದರಿಂದ ಕಲೆಯೂ ಬಿಸಿನೀರಿಗೇ ಹೋಗಬೇಕು ಎಂಬ ತರ್ಕದಿಂದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಇಷ್ಟಕ್ಕೇ ಬಿಟ್ಟಿದ್ದರೆ ಸ್ವೆಟರ್ ಬರೀ ಗಿಡ್ಡವಾಗುತ್ತಿತ್ತು. ಆದರೆ ಅವರು ನೀರು ಸರಬರಾಜಿನವರು. ‘ಅರ್ಧ ತುಂಬಿದ ಮಷೀನು, ನೀರಿಗೆ ಮಾಡಿದ ದ್ರೋಹ’ ಎಂದು ಗೋಡೆ ಗೋಡೆಗೆ ಅಂಟಿಸಿದ ಕಚೇರಿಯವರು. ಒಂದೇ ಒಂದು ಸ್ವೆಟರಿಗಾಗಿ ಅಷ್ಟು ನೀರು ಹರಿಸಲು ಅವರ ಮನಸ್ಸು ಒಪ್ಪಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದರು: ಬಾಗಿಲ ಮುಂದಿನ ನಾರಿನ ಕಾಲೊರಸು, ಆಲೂಗಡ್ಡೆ ಬರುವ ಬಲೆಚೀಲ, ಮತ್ತು ತಮ್ಮ ಎಡಗಾಲಿನ ಕ್ಯಾನ್ವಾಸ್ ಶೂ. ಬಲಗಾಲಿನದು ಮಂಚದ ಕೆಳಗೆ ಸಿಗಲಿಲ್ಲ. ಸ್ವೆಟರಿನ ಜೇಬಿನಲ್ಲಿ ಕಚೇರಿಯ ಹಳದಿ ರಸೀತಿಗಳ ಕಟ್ಟೂ, ಮುದ್ರೆಗೆ ಮಸಿ ಹಚ್ಚುವ ಬಟ್ಟೆಯೂ ಇದ್ದವು. ಅದು ಅವರಿಗೆ ನೆನಪಿರಲಿಲ್ಲ.

ನಾನು ಮಹಡಿಯಿಂದ ಇಳಿದು ಬಂದಾಗ ಭಾವ ಬಚ್ಚಲಿನ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಏನೋ ಇತ್ತು. ಬೆಕ್ಕಿನ ಮರಿಯೇನೋ ಅಂದುಕೊಂಡೆ.

“ಇದು ಏನು ಭಾವ?”

“ನಿಮ್ಮಮ್ಮ ನನ್ನ ಜೊತೆ ಆಡ್ತಿದ್ದ ಮಾತು ಕಣೋ” ಎಂದರು.

ಸ್ವೆಟರ್ ಒಂದು ಮಗುವಿಗೂ ಆಗದಷ್ಟು ಮುದುರಿ, ಹಲಗೆಯಂತೆ ದಪ್ಪವಾಗಿತ್ತು. ಕಾಲೊರಸಿನ ನಾರು ಅದರೊಳಗೆ ಹೊಕ್ಕಿತ್ತು, ಬಲೆಚೀಲ ಒಂದು ತೋಳನ್ನು ಸುತ್ತಿಕೊಂಡು ಬಿಡಿಸಲಾಗದಂತೆ ಬೆಸೆದಿತ್ತು. ರಸೀತಿಗಳು ಅರೆದುಹೋಗಿ ಹಳದಿ ಚುಕ್ಕಿಗಳಾಗಿ ಉಣ್ಣೆಯಲ್ಲಿ ಕೂತಿದ್ದವು, ಅದರ ಮೇಲೆ ನೇರಳೆ ಬಣ್ಣ ಮೋಡ ಮೋಡವಾಗಿ ಹರಡಿತ್ತು. ಇಬ್ಬರೂ ಸೇರಿ ಅದನ್ನು ಮೊದಲಿನ ಅಳತೆಗೆ ತರಲು ಎಳೆದೆವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ನಾವು ಎಳೆಯುತ್ತಿದ್ದದ್ದನ್ನು ಕಿಟಕಿಯಿಂದ ನೋಡಿದ ಎದುರುಮನೆಯವರು, ಆಸ್ತಿ ಜಗಳವೆಂದು ತಿಳಿದು ಮರ್ಯಾದೆಯಿಂದ ಪರದೆ ಎಳೆದುಕೊಂಡರು. ಸ್ವೆಟರ್ ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಅಷ್ಟರಲ್ಲಿ ಗೇಟಿನ ಸದ್ದಾಯಿತು, ಅಕ್ಕ ಬಂದಳು. ಭಾವ ಹೌಹಾರಿ, ಹಾಲಿನ ಮೂಲೆಯಲ್ಲಿದ್ದ ದೊಡ್ಡ ಬುಟ್ಟಿಯ ತಳಕ್ಕೆ ಅದನ್ನು ತುರುಕಿದರು. ಬಟ್ಟೆ ಚೂರುಗಳ ನಡುವೆ ಬಟ್ಟೆ ಯಾರಿಗೆ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ. ಮನೆಯಲ್ಲಿ ಅಷ್ಟು ಜಾಗವಿದ್ದರೂ ಸಿಕ್ಕಿಬೀಳುವುದು ಖಚಿತವಾಗಿದ್ದ ಒಂದೇ ಒಂದು ಜಾಗವನ್ನು ಅವರು ಆರಿಸಿಕೊಂಡಿದ್ದರು.

ಅದು ಅಕ್ಕನ ಬಳಗದ ಬುಟ್ಟಿ. ಪ್ರತಿ ಶನಿವಾರ ಸಂಜೆ ನಮ್ಮ ಹಾಲಿನಲ್ಲಿ ನಾಲ್ಕು ಜನ ಸೇರುತ್ತಾರೆ. ಅಕ್ಕ ಬಟ್ಟೆಚೂರು, ಉಣ್ಣೆ, ಗೋಂದು ಸೇರಿಸಿ ಚಿತ್ರ ಮಾಡುತ್ತಾಳೆ. ಹಲ್ಲಿನ ಡಾಕ್ಟರಮ್ಮ ಹಲ್ಲುಸಂದಿ ತೆಗೆಯುವ ದಾರದಿಂದ ಜೇಡರ ಬಲೆಯಂಥ ಕುಸುರಿ ಹೆಣೆಯುತ್ತಾರೆ, ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ನಿದ್ದೆ ಮಾಡುವುದಿಲ್ಲ. ಬಡಗಿ ಮೇಸ್ತ್ರಿ ಆನೆಯಂಥ ಆಳು, ಹಲಗೆಯಲ್ಲಿ ಸಣ್ಣ ಸಣ್ಣ ತೂತು ಕೊರೆದು ಅದರ ಮೇಲೆ ಬಣ್ಣದ ನೂಲಿನಲ್ಲಿ ಹೂವು ಕಸೂತಿ ಮಾಡುತ್ತಾರೆ. ನಾಲ್ಕನೆಯವರು ನಿವೃತ್ತ ಗ್ರಂಥಪಾಲಕರು. ರದ್ದಿಗೆ ಹೋಗುವ ಪುಸ್ತಕದ ಹಾಳೆ ಹೊಸೆದು ದಾರ ಮಾಡಿ ನೇಯುತ್ತಾರೆ. ಜೀವನವಿಡೀ ‘ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗೆ ಕೂತವರಾದ್ದರಿಂದ ಅವರು ಮಾತಾಡುವುದು ಪಿಸುಮಾತಿನಲ್ಲೇ. ಅವರು ಬಾಯಿ ತೆರೆದರೆ ಉಳಿದವರೆಲ್ಲ ಮುಂದಕ್ಕೆ ಬಾಗುತ್ತಾರೆ. ಬಳಗಕ್ಕೆ ಇರುವುದು ಒಂದೇ ಕಟ್ಟಳೆ. ಬುಟ್ಟಿಗೆ ಹಾಕಿದ್ದು ತೋರಿಸಿದ ಹಾಗೆ, ತೋರಿಸಿದವರು ಮುಂದಿನ ವಾರ ಅದನ್ನು ಎಲ್ಲರಿಗೂ ಕಲಿಸಬೇಕು. ವಿದ್ಯೆಯನ್ನು ಬಚ್ಚಿಟ್ಟವರಿಗೆ ಬಳಗದಲ್ಲಿ ಜಾಗವಿಲ್ಲ.

ಆ ಶನಿವಾರ ಬುಟ್ಟಿಯ ತಳಕ್ಕೆ ಕೈ ಹಾಕಿದವರು ಡಾಕ್ಟರಮ್ಮ. ಕೊಳೆತ ದವಡೆಹಲ್ಲು ಕಿತ್ತ ಗೆಲುವಿನಲ್ಲಿ ಅದನ್ನು ಮೇಲೆತ್ತಿದರು.

“ಇದು ಯಾರದು?”

ಅಕ್ಕ ಅದನ್ನು ಈ ಕಡೆಯಿಂದ ಆ ಕಡೆ ತಿರುಗಿಸಿದಳು. ತನ್ನ ಗಂಡನ ಸ್ವೆಟರ್ ಎಂದು ಅವಳಿಗೆ ಗುರುತು ಹತ್ತಲಿಲ್ಲ. ಅದು ಅವಳ ತಪ್ಪಲ್ಲ, ಸ್ವೆಟರಿಗೇ ತನ್ನ ಗುರುತು ಉಳಿದಿರಲಿಲ್ಲ.

“ಬಿಸಿನೀರಲ್ಲಿ ತಿಕ್ಕಿದ್ರೆ ಉಣ್ಣೆ ಗಟ್ಟಿಯಾಗೋದು ನಮಗೂ ಗೊತ್ತು” ಎಂದರು ಡಾಕ್ಟರಮ್ಮ. “ಆದ್ರೆ ಕಾಗದ ಒಳಗೆ ಹೇಗೆ ಹೋಯ್ತು? ಅಂಟಿಸಿಲ್ಲ, ಹೊಲಿದಿಲ್ಲ. ಒಳಗಿಂದಲೇ ಹುಟ್ಟಿದ ಹಾಗಿದೆ!”

“ಈ ನಾರು ನೋಡ್ರೀ” ಎಂದರು ಮೇಸ್ತ್ರಿ ಬೆರಳಾಡಿಸುತ್ತ. “ಮರದೊಳಗೆ ಎಳೆ ಹೋದ ಹಾಗೆ ಹೋಗಿದೆ.”

ಗ್ರಂಥಪಾಲಕರು ಏನೋ ಪಿಸುಗುಟ್ಟಿದರು. ಎಲ್ಲರೂ ಬಾಗಿದರು. “ಮಾಡಿದವರು ಸಾಮಾನ್ಯರಲ್ಲ” ಎಂದಿದ್ದರು.

ಭಾವ ಬಿಸ್ಕತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಮ್ಮ ಎದೆಯ ಜೇಬನ್ನು ಮುಟ್ಟಿಕೊಂಡರು. ಅಕ್ಕ ಅದನ್ನು ನೋಡಿದಳು.

“ರೀ! ನೀವಾ?”

ಆ ‘ನೀವಾ’ದಲ್ಲಿ ಮದುವೆಯಾದಾಗಿನಿಂದ ಭಾವ ಕೇಳದ ಒಂದು ದನಿಯಿತ್ತು. ಅದರಲ್ಲಿ ಮೆಚ್ಚುಗೆಯಿತ್ತು, ಸ್ವಲ್ಪ ನಾಚಿಕೆಯೂ ಇತ್ತು. ಸತ್ಯ ಹೇಳಿದರೆ ಸ್ವೆಟರಿನ ಸುದ್ದಿ ಅರ್ಧ ಗಂಟೆಯಲ್ಲಿ ಅಮ್ಮನಿಗೆ ಮುಟ್ಟುತ್ತದೆ. ಸುಳ್ಳು ಹೇಳಿದರೆ ಹೆಂಡತಿ ಹೀಗೆ ನೋಡುತ್ತಾಳೆ. ಆ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

“ಹ್ಞೂ. ಬಿಡುವಿದ್ದಾಗ ಹೀಗೆ ಒಂಚೂರು...” ಎಂದರು ಭಾವ.

“ಹೆಸರೇನಿಟ್ಟಿದ್ದೀರಿ ಇದಕ್ಕೆ?” ಎಂದರು ಡಾಕ್ಟರಮ್ಮ.

ಉತ್ತರ ತೋಚದಾಗ ಅವರ ಬಾಯಿಂದ ಬರುವುದು ಒಂದೇ ಮಾತು.

“ಪರಿಶೀಲನೆಯಲ್ಲಿದೆ.”

“ಆಹಾ!” ಎಂದರು ಮೂವರೂ. ಮೇಸ್ತ್ರಿ ಮರುದಿನವೇ ತೇಗದ ಚೌಕಟ್ಟು ಮಾಡಿ ತಂದು, ‘ಪರಿಶೀಲನೆಯಲ್ಲಿದೆ’ ಎಂಬ ಹೆಸರು ಕೆತ್ತಿ, ಅದನ್ನು ಹಾಲಿನ ನಡುಗೋಡೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಇನ್ನು ಅಡಗಿಸುವ ಮಾತೇ ಇರಲಿಲ್ಲ. ಮುಂದಿನ ಶನಿವಾರ ಭಾವ ಕಲಿಸಬೇಕು. ಅದೇ ಶನಿವಾರ ಅಮ್ಮ ಬರಬೇಕು.

“ನಾನು ಜ್ವರ ಬಂತು ಅಂತ ಮಲಗ್ತೀನಿ” ಎಂದರು ಭಾವ ನನ್ನ ಕೋಣೆಗೆ ಬಂದು.

“ಮಲಗಿದವರನ್ನ ಅಮ್ಮ ಮೊದಲು ಕೇಳೋದೇ ಸ್ವೆಟರ್ ಯಾಕೆ ಹಾಕ್ಕೊಂಡಿಲ್ಲ ಅಂತ” ಎಂದೆ.

ಅಮ್ಮನೂ ಸುಮ್ಮನಿರಲಿಲ್ಲ. ದಿನಾ ಫೋನ್ ಮಾಡತೊಡಗಿದಳು.

“ಅಳಿಯಂದಿರೇ, ಆ ಸ್ವೆಟರ್ ಇದೆ ತಾನೇ?”

“ಇದೆ ಅತ್ತೆ.”

“ಎಲ್ಲಿಟ್ಟಿದ್ದೀರಿ?”

“ಹಾಲಲ್ಲಿ... ಎಲ್ಲರಿಗೂ ಕಾಣೋ ಹಾಗೆ.”

“ಎಲ್ಲರಿಗೂ ಯಾಕೆ ಕಾಣಬೇಕು?” ಅಮ್ಮನ ದನಿ ಚೂಪಾಯಿತು. “ನಾನು ಬಂದ ತಕ್ಷಣ ಅದನ್ನ ನನ್ನ ಕೈಗೆ ಕೊಡಿ. ಮರೀಬೇಡಿ.”

ಭಾವ ಫೋನ್ ಇಟ್ಟು ಗೋಡೆಗೆ ಒರಗಿದರು. “ಅವರಿಗೆ ಗೊತ್ತಾಗಿದೆ ಕಣೋ. ಪೊಲೀಸರು ಕೇಳೋ ಹಾಗೆ ಕೇಳ್ತಾರೆ. ಮತ್ತೆ ‘ಅವರಿಗೆ ಕಾಫಿ ಬೇಕಾ ಕೇಳು’ ಶುರುವಾಗತ್ತೆ.” ನನಗೂ ಹಾಗೆಯೇ ಅನಿಸಿತು. ಅಮ್ಮನ ಮೂಗು ಎಷ್ಟು ದೂರದಿಂದಲೂ ತಪ್ಪನ್ನು ಹಿಡಿಯಬಲ್ಲದು ಎಂಬುದರಲ್ಲಿ ನಮ್ಮಿಬ್ಬರಿಗೂ ಸಂಶಯವಿರಲಿಲ್ಲ.

ಇತ್ತ ಬಳಗದವರು ಶನಿವಾರದವರೆಗೆ ಕಾಯಲು ಸಿದ್ಧರಿರಲಿಲ್ಲ. ಏನೇನು ಸಾಮಾನು ತರಬೇಕು ಎಂದು ಬುಧವಾರವೇ ಡಾಕ್ಟರಮ್ಮ ಫೋನ್ ಮಾಡಿದರು. ಭಾವನಿಗೆ ಹೊಸ ಸುಳ್ಳು ಕಟ್ಟುವಷ್ಟು ಶಕ್ತಿ ಉಳಿದಿರಲಿಲ್ಲ, ಆದ್ದರಿಂದ ನಡೆದದ್ದನ್ನೇ ವಿಧಾನದ ಹಾಗೆ ಹೇಳಿದರು. ಕಾಲೊರಸು, ಬಲೆಚೀಲ, ಕ್ಯಾನ್ವಾಸ್ ಶೂ ಒಂದು.

“ಎಡಗಾಲಿನದಾ, ಬಲಗಾಲಿನದಾ?”

“ಎಡ.”

“ಬಲ ಹಾಕಿದ್ರೆ ಏನಾಗತ್ತೆ?”

“ಬಲದ್ದು ನನಗೆ ಇನ್ನೂ ಸಿಕ್ಕಿಲ್ಲ” ಎಂದರು ಭಾವ. ಅದು ಅಪ್ಪಟ ಸತ್ಯ. ಆದರೆ ಡಾಕ್ಟರಮ್ಮ ಫೋನ್ ಇಟ್ಟು ಮಿಕ್ಕವರಿಗೆ, ಅವರು ಬಲಗಾಲಿನ ವಿದ್ಯೆಯನ್ನು ಇನ್ನೂ ಸಾಧಿಸುತ್ತಿದ್ದಾರಂತೆ ಎಂದು ತಿಳಿಸಿದರು.

“ಕಾಗದ ಯಾವುದು?” ಎಂಬ ಪ್ರಶ್ನೆ ಗ್ರಂಥಪಾಲಕರದು. ದೂರಿನ ರಸೀತಿ ಎಂದು ಭಾವ ಬಾಯಿ ತಪ್ಪಿ ಹೇಳಿಬಿಟ್ಟರು. ಆ ಹಳದಿ ಕಾಗದ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದು ಬೇಕೆಂದರೆ ಒಂದೇ ದಾರಿ, ದೂರು ಕೊಡಬೇಕು.

ಗುರುವಾರ ಬೆಳಗ್ಗೆ ಭಾವ ಕಚೇರಿಯ ಕಿಟಕಿ ತೆರೆದಾಗ ಸಾಲಿನ ಮೊದಲಿಗೆ ಮೇಸ್ತ್ರಿ ನಿಂತಿದ್ದರು.

“ಏನು ದೂರು?” ಎಂದರು ಭಾವ ಅಭ್ಯಾಸಬಲದಿಂದ.

“ನೀರು ಚೆನ್ನಾಗಿ ಬರ್ತಾ ಇದೆ” ಎಂದರು ಮೇಸ್ತ್ರಿ. “ಯಾಕೆ ಅಂತ ಗೊತ್ತಾಗಬೇಕು.”

ಡಾಕ್ಟರಮ್ಮ ತಮ್ಮ ದವಾಖಾನೆಗೆ ಬಂದ ರೋಗಿಗಳಿಗೆಲ್ಲ, ಬಾಯಿ ತೊಳೆಯುವ ಮುಂಚೆ ಒಂದೊಂದು ದೂರು ಕೊಟ್ಟು ರಸೀತಿ ತರಬೇಕೆಂದು ಹೇಳಿ ಕಳಿಸಿದ್ದರು. ಕೆನ್ನೆ ಊದಿದವರೆಲ್ಲ ಸಾಲಾಗಿ ನಿಂತರು. ಅವರಿಗೆ ಮಾತಾಡಲು ಆಗುತ್ತಿರಲಿಲ್ಲ, ಆದ್ದರಿಂದ ನಲ್ಲಿಯ ಅಭಿನಯ ಮಾಡಿ ತೋರಿಸಿದರು. ಗ್ರಂಥಪಾಲಕರು ನಿವೃತ್ತ ಸಹೋದ್ಯೋಗಿಗಳನ್ನೆಲ್ಲ ಕರೆದುಕೊಂಡು ಬಂದಿದ್ದರು. ಕೊಳವೆಯಲ್ಲಿ ನೀರು ಹರಿಯುವಾಗ ಸದ್ದು ಮಾಡುತ್ತದೆ ಎಂಬುದು ಅವರೆಲ್ಲರ ಒಕ್ಕೊರಲಿನ ದೂರು. ಅದನ್ನೂ ಪಿಸುಮಾತಿನಲ್ಲೇ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ರಸೀತಿ ಪುಸ್ತಕ ಖಾಲಿ.

ಮುಖ್ಯಾಧಿಕಾರಿಗಳು ಭಾವನನ್ನು ಒಳಗೆ ಕರೆಸಿದರು. ತಮ್ಮ ವಿಭಾಗದಲ್ಲಿ ದೂರುಗಳೇ ಇಲ್ಲ ಎಂದು ಮೇಲಿನವರಿಂದ ಬೆನ್ನು ತಟ್ಟಿಸಿಕೊಂಡು ಬಂದವರು ಅವರು.

“ಏನ್ರೀ ಇದು? ಊರಿಗೆ ಊರೇ ಎದ್ದು ನಿಂತಿದೆಯಲ್ಲ! ಈ ದೂರು ನೋಡಿ. ‘ನೀರು ಮೊದಲಿಗಿಂತ ಒದ್ದೆಯಾಗಿದೆ.’ ಇದಕ್ಕೆ ನಾನು ಏನಂತ ಉತ್ತರ ಬರೀಲಿ?”

“ಪರಿಶೀಲನೆಯಲ್ಲಿದೆ ಅಂತ ಬರೀಬಹುದು ಸರ್.”

“ದೂರು ಕೊಟ್ಟವರಲ್ಲಿ ಮೊದಲ ಮೂವರು ಪ್ರತಿ ಶನಿವಾರ ನಿಮ್ಮ ಮನೇಲೇ ಸೇರ್ತಾರಂತೆ. ನನ್ನ ವಿರುದ್ಧ ಗುಂಪು ಕಟ್ತಾ ಇದೀರಾ? ಶನಿವಾರ ನಾನೇ ಬರ್ತೀನಿ.”

ಹೀಗೆ ಬೀದಿಯಲ್ಲಿ ಹೋಗುವ ಮಾರಿಯನ್ನು ಕರೆಯದೆಯೂ ಮನೆಗೆ ಬರಮಾಡಿಕೊಂಡದ್ದಾಯಿತು.

ಶನಿವಾರ ಸಂಜೆ ಇಡೀ ಹಾಲ್ ಉಣ್ಣೆಯ ಸಂತೆಯಾಗಿತ್ತು. ಡಾಕ್ಟರಮ್ಮ ತಮ್ಮ ಒಳ್ಳೆಯ ಕೈಗವಸು ತಂದಿದ್ದರು, ಗ್ರಂಥಪಾಲಕರು ಶಾಲು, ಮೇಸ್ತ್ರಿ ಉಣ್ಣೆ ಟೋಪಿ. ಅಕ್ಕ ತನ್ನ ಮಫ್ಲರನ್ನು ತ್ಯಾಗಕ್ಕೆ ಸಿದ್ಧಮಾಡಿ ಇಟ್ಟಿದ್ದಳು. ರಸೀತಿಗಳು ಕಂತೆ ಕಂತೆ. ಹಾಲಿಗೆ ತೆರೆದ ಬಚ್ಚಲಿನಲ್ಲಿ ಭಾವ ಮಷೀನಿನ ಮುಂದೆ ನಿಂತಿದ್ದರು. ಮುಖ ಗಲ್ಲಿಗೆ ಹೋಗುವವರದು. ಬಾಗಿಲ ಕಡೆ ಒಂದು ಕಣ್ಣು, ಅಮ್ಮ ಬಂದರೆ ಎಂದು.

ಬಂದವರು ಮುಖ್ಯಾಧಿಕಾರಿಗಳು. ಸಂಜೆಯ ನಡಿಗೆ ಮುಗಿಸಿ ನೇರವಾಗಿ ಬಂದಿದ್ದರು. ಕೈಯಲ್ಲಿ ದೂರುಗಳ ಕಟ್ಟು, ಮುಖದಲ್ಲಿ ವಿಚಾರಣೆ.

“ಯಾರ್ರೀ ಇಲ್ಲಿ ನೀರು ಒದ್ದೆಯಾಗಿದೆ ಅಂದವರು?”

ಎಲ್ಲರ ಕಣ್ಣೂ ಅವರ ಕಾಲಿನ ಮೇಲಿತ್ತು. ಭಾವನ ಎಡಗಾಲಿನ ಶೂ ಮೊದಲ ಸಲದ ಬಿಸಿಗೇ ಅಟ್ಟೆ ಬಿಟ್ಟುಕೊಂಡಿತ್ತು, ಬೇರೆ ಯಾರೂ ತಂದಿರಲಿಲ್ಲ. ಮುಖ್ಯಾಧಿಕಾರಿಗಳ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ ಹೊಳೆಯುತ್ತಿತ್ತು.

“ಸರ್, ಒಂದು ನಿಮಿಷ ಕೂತ್ಕೊಳ್ಳಿ” ಎಂದು ಡಾಕ್ಟರಮ್ಮ ಅವರ ಭುಜ ಹಿಡಿದು ಕೂರಿಸಿದರು. ರೋಗಿಗಳನ್ನು ಕೂರಿಸಿ ಅಭ್ಯಾಸವಾದ ಕೈ. “ಸ್ವಲ್ಪಾನೂ ನೋವಾಗಲ್ಲ.” ಮುಖ್ಯಾಧಿಕಾರಿಗಳು ಹೆದರಿ ಬಾಯಿ ತೆರೆದರು. ಅಷ್ಟರಲ್ಲಿ ಮೇಸ್ತ್ರಿ ಕೆಳಗಿನಿಂದ ಎಡಗಾಲಿನ ಶೂ ಕಳಚಿ ಆಗಿತ್ತು. ಎಲ್ಲವನ್ನೂ ಒಳಗೆ ತುಂಬಿ ಅಕ್ಕ ಬಾಗಿಲು ಹಾಕಿದಳು. ಮಷೀನು ಗುಡುಗತೊಡಗಿತು. ಧಡ್, ಧಡ್, ಧಡ್ ಎಂದು ಮುಖ್ಯಾಧಿಕಾರಿಗಳ ಶೂ ಒಳಗೆ ತಲೆ ಚಚ್ಚಿಕೊಳ್ಳುತ್ತಿತ್ತು.

“ಇದು ಸರ್ಕಾರಿ ವಿಚಾರಣೆ!” ಎಂದು ಅವರು ಒಂದೇ ಕಾಲಿನ ಶೂನಲ್ಲಿ ಎದ್ದು ನಿಂತು ಕೂಗಿದಾಗ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬಸ್ ನಿಲ್ದಾಣಕ್ಕೆ ಕರೆಯಲು ಹೋಗಬೇಕಾದವನು ನಾನು. ಈ ಗದ್ದಲದಲ್ಲಿ ಮರೆತಿದ್ದೆ. ಅಮ್ಮ ಆಟೋ ಹಿಡಿದು ತಾನೇ ಬಂದಿದ್ದಳು.

“ಅಳಿಯಂದಿರೇ, ಸ್ವೆಟರ್” ಎಂದಳು. ಬ್ಯಾಗನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

ಆಗ ಗ್ರಂಥಪಾಲಕರು ಒಳ್ಳೆಯ ಮನಸ್ಸಿನಿಂದಲೇ ಅನಾಹುತ ಮಾಡಿದರು. “ಅಮ್ಮಾ, ನಿಮ್ಮ ಅಳಿಯಂದಿರ ಕೈಚಳಕ ನೋಡಿದ್ದೀರಾ?” ಎಂದು ಪಿಸುಗುಟ್ಟಿ ಅವಳನ್ನು ಗೋಡೆಯ ಹತ್ತಿರ ಕರೆದೊಯ್ದರು. “ಬರೀ ನೋಡಬೇಡಿ, ಮುಟ್ಟಿ ನೋಡಿ.”

ಅಮ್ಮ ಮುಟ್ಟಿದಳು. ಅವಳ ಬೆರಳು ಹಳದಿ ಚುಕ್ಕಿಗಳನ್ನು ದಾಟಿತು, ನಾರನ್ನು ದಾಟಿತು, ಕತ್ತಿನ ಪಟ್ಟಿಯ ಅಂಚಿಗೆ ಬಂದು ನಿಂತಿತು. ಅಲ್ಲೇ ಹಿಂದೆ ಮುಂದೆ ಆಡಿತು. ತನ್ನ ಕೈಯ ಅಂಚು ಯಾವ ಟೀಚರಿಗೂ ಮರೆಯುವುದಿಲ್ಲ. ಅವಳು ತಿರುಗಿ ಭಾವನನ್ನು ನೋಡಿದಳು, ಏನೂ ಹೇಳಲಿಲ್ಲ.

ಭಾವ ಆ ಮೌನವನ್ನು ಚೆನ್ನಾಗಿ ಬಲ್ಲವರು. ವರ್ಷಗಟ್ಟಲೆ ಅದರ ಎದುರು ಕೂತು ಕಾಫಿ ಕುಡಿದವರು. ಅದನ್ನು ಮತ್ತೆ ತಡೆದುಕೊಳ್ಳಲು ಅವರಿಂದ ಆಗಲಿಲ್ಲ.

“ನಾನೇ ಅತ್ತೆ! ನಾನೇ ಹಾಳು ಮಾಡಿದ್ದು. ಚಹಾ ಚೆಲ್ಲಿಕೊಂಡೆ, ಮಷೀನಿಗೆ ಹಾಕಿದೆ. ಶೂ ಹಾಕಿದ್ದು ಮಷೀನು ತುಂಬಲಿ ಅಂತ. ಇದರಲ್ಲಿ ಕಲೆ ಅನ್ನೋದು ಚಹಾದ್ದು ಬಿಟ್ಟು ಬೇರೆ ಯಾವುದೂ ಇಲ್ಲ. ಇವರಿಗೆಲ್ಲ ಸುಳ್ಳು ಹೇಳಿದೆ, ನಿಮ್ಮ ಮಗಳಿಗೂ ಸುಳ್ಳು ಹೇಳಿದೆ. ಬೈಯಿರಿ. ಆದ್ರೆ ನನ್ನನ್ನೇ ಬೈಯಿರಿ ಅತ್ತೆ, ಇವಳ ಕೈಲಿ ಹೇಳಿ ಕಳಿಸಬೇಡಿ.”

ಅಕ್ಕನ ಮುಖ ಕೆಂಪಾಯಿತು. ಮೇಸ್ತ್ರಿ ತಮ್ಮ ತೇಗದ ಚೌಕಟ್ಟನ್ನು ನೋಡಿದರು. “ಹಾಗಾದ್ರೆ ಶೂ ಎಡದ್ದೇ ಆಗಬೇಕು ಅಂತ ಇರಲಿಲ್ವಾ?” ಎಂದರು ಡಾಕ್ಟರಮ್ಮ ಸೋತ ದನಿಯಲ್ಲಿ. “ನನ್ನ ಶೂ!” ಎಂದರು ಮುಖ್ಯಾಧಿಕಾರಿಗಳು. ಒಳಗೆ ಧಡ್ ಎಂದಿತು.

ಅಮ್ಮ ಮಾತ್ರ ಇದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ.

“ಬಲಗೈ ಎಲ್ಲಿ?” ಎಂದಳು.

ಭಾವ ತಮ್ಮ ಬಲಗೈ ಮುಂದೆ ಚಾಚಿದರು, ಹೊಡೆಯುತ್ತಾಳೇನೋ ಎಂದು.

“ನಿಮ್ಮದಲ್ಲ. ಸ್ವೆಟರಿನ ಬಲಗೈ.”

ಮೇಸ್ತ್ರಿ ಚೌಕಟ್ಟು ಬಿಚ್ಚಿ ಕೊಟ್ಟರು. ಅಮ್ಮ ಆ ಮುದ್ದೆಯಲ್ಲಿ ಬೆರಳಾಡಿಸಿ ಒಂದು ತೋಳು ಹುಡುಕಿದಳು, ಇನ್ನೊಂದನ್ನು ಹುಡುಕಿದಳು, ಎರಡನ್ನೂ ಒಂದರ ಪಕ್ಕ ಒಂದು ಹಿಡಿದಳು. ಎರಡೂ ಮುದುರಿ ಮೊಂಡು ಮೊಂಡಾಗಿ ಒಂದೇ ಉದ್ದ ಆಗಿದ್ದವು. ಅಮ್ಮ ಕುರ್ಚಿಯಲ್ಲಿ ಕುಸಿದು ನಗತೊಡಗಿದಳು. ಹೊಲಿಗೆ ಟೀಚರ್ ನಗುವುದನ್ನು ನಾವು ಮಕ್ಕಳೂ ಹೆಚ್ಚು ನೋಡಿರಲಿಲ್ಲ. ಬ್ಯಾಗಿನಿಂದ ಹೆಣೆಯುವ ಕಡ್ಡಿಗಳನ್ನೂ ಕೆನೆ ಬಣ್ಣದ ಉಣ್ಣೆಯುಂಡೆಯನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಇದನ್ನ ಕದ್ದು ಬಿಚ್ಚಿ, ಕದ್ದು ಸರಿ ಮಾಡೋಣ ಅಂತ ಬಂದಿದ್ದೆ ನಾನು. ಬಲಗೈ ನಾಲ್ಕು ಬೆರಳು ಉದ್ದ ಆಗಿತ್ತು. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದ್ರೆ ಆ ಕೈಯಲ್ಲಿ ಇವರ ಬೆರಳೇ ಕಾಣ್ತಿರಲಿಲ್ಲ. ನನ್ನ ಕೈಯಿಂದ ಇಂಥಾ ಹೆಣಿಗೆ! ಈ ಮನುಷ್ಯ ಊರೆಲ್ಲ ಹೇಳ್ಕೊಂಡು ನಗ್ತಾರೆ ಅಂತ ಕಾದೆ. ಒಂದು ಮಾತು ಆಡಲಿಲ್ಲ. ಎಂಥಾ ದೊಡ್ಡ ಮನಸ್ಸು ಅಂತ ನಾಚಿಕೆಯಾಗಿ ಆಗ ನಾನೇ ಫೋನ್ ಮಾಡಿದ್ದು.”

ಎಲ್ಲರೂ ಭಾವನನ್ನು ಹೊಸ ಗೌರವದಿಂದ ನೋಡಿದರು. ಆ ಗೌರವವನ್ನು ಸುಮ್ಮನೆ ಜೇಬಿಗಿಳಿಸಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಭಾವನಿಗೆ ಸುಳ್ಳೂ ಪೂರ್ತಿ ಬರುವುದಿಲ್ಲ.

“ಸ್ವೆಟರಿನ ಕೈ ಉದ್ದ ಇತ್ತಾ?” ಎಂದರು.

“ನಿಮಗೆ ಗೊತ್ತಾಗಲಿಲ್ವಾ?”

“ನನ್ನ ಕೈ ಗಿಡ್ಡ ಅಂದ್ಕೊಂಡಿದ್ದೆ.”

ನಾವೆಲ್ಲ ಅವರ ಕೈ ನೋಡಿದೆವು. ತೊಟ್ಟಿದ್ದ ತುಂಬುತೋಳಿನ ಅಂಗಿಯ ಎಡಗೈ ಮಣಿಕಟ್ಟಿಗೆ ಸರಿಯಾಗಿ ಬಂದಿತ್ತು. ಬಲಗೈ ನಾಲ್ಕು ಬೆರಳು ಮೇಲೆಯೇ ನಿಂತಿತ್ತು.

“ಅದಕ್ಕೇನಾ?” ಎಂದು ಅಕ್ಕ ಚೀರಿದಳು. “ಎರಡು ವರ್ಷದಿಂದ ಎಲ್ಲಾ ಅಂಗೀದೂ ಬಲಗೈ ಗಿಡ್ಡ! ದರ್ಜಿ ಬಟ್ಟೆ ಕದೀತಾನೆ ಅಂತ ನಾನು ಅವನ ಅಂಗಡಿ ಮುಂದೆ ನಿಂತು ಜಗಳ ಆಡಿದೀನಿ!”

“ನಾನೇ ಹೇಳಿ ಹೊಲಿಸಿದ್ದು” ಎಂದರು ಭಾವ ತಗ್ಗಿದ ದನಿಯಲ್ಲಿ.

“ಮುದ್ರೆ ಒತ್ತೋಕೆ ಅನುಕೂಲ ಅಂತ ಹಾಗೆ ಹೊಲಿಸಿದ್ದೀರಿ ಅಂದ್ಕೊಂಡು” ಎಂದರು ಮುಖ್ಯಾಧಿಕಾರಿಗಳು, “ನಿಮ್ಮ ಕರ್ತವ್ಯನಿಷ್ಠೆ ಬಗ್ಗೆ ಮೇಲಿನವರಿಗೆ ಬರೆದಿದ್ದೆನಲ್ರೀ!”

ಯಾರೂ ನಗಲಿಲ್ಲ, ಯಾಕೆಂದರೆ ಅಮ್ಮ ನಗುತ್ತಿರಲಿಲ್ಲ. ಅವಳು ಅಳಿಯನನ್ನೇ ನೋಡುತ್ತಿದ್ದಳು.

“ಹೆಣಿಗೆ ತಪ್ಪಿರಬಹುದು ಅಂತ ಒಂದು ಸಲಾನೂ ಅನ್ನಿಸಲಿಲ್ವಾ?”

“ನೀವು ಹೆಣೆದದ್ದಲ್ವಾ ಅತ್ತೆ” ಎಂದರು ಭಾವ. ಇಷ್ಟು ಸರಳ ವಿಷಯವನ್ನು ಯಾಕೆ ಕೇಳುತ್ತಿದ್ದಾರೆ ಎಂಬಂತೆ ಅವರ ಮುಖವಿತ್ತು. “ನೀವು ತಪ್ಪಿ ಹೆಣೀತೀರಾ? ನನ್ನ ಕೈಯೇ ತಪ್ಪಿರಬೇಕು.”

ಅಮ್ಮ ಬ್ಯಾಗಿನಿಂದ ಅಳತೆಯ ಟೇಪು ತೆಗೆದು, “ಬನ್ನಿ ಇಲ್ಲಿ” ಎಂದಳು. ಭಾವ ಶಾಲೆಯ ಹುಡುಗನ ಹಾಗೆ ಹೋಗಿ ಎದುರು ನಿಂತು ಎರಡೂ ಕೈ ಚಾಚಿದರು. ಅಮ್ಮ ಭುಜದಿಂದ ಮಣಿಕಟ್ಟಿನವರೆಗೆ ಎಡಗೈ ಅಳೆದಳು, ಬಲಗೈ ಅಳೆದಳು. ಟೇಪನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ದೀಪದ ಕಡೆ ತಿರುಗಿಸಿದಳು. ನಮಗೆ ಅದನ್ನು ನೋಡಲು ಆಗಲಿಲ್ಲ, ಅಕ್ಕ ಮುಖ ತಿರುಗಿಸಿಕೊಂಡಳು.

“ನೀವೇ ಓದಿ ಹೇಳಿ” ಎಂದು ಅಮ್ಮ ಟೇಪಿನ ತುದಿಯನ್ನು ಭಾವನ ಕೈಗೆ ಕೊಟ್ಟಳು. “ನನಗೆ ಕಾಣಲ್ಲ. ಆ ಸ್ವೆಟರ್ ಹೆಣೆಯೋವಾಗಲೂ ಕಾಣ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.”

ಭಾವ ಟೇಪನ್ನು ಬೆಳಕಿಗೆ ಹಿಡಿದು ಓದಿದರು. ಮತ್ತೊಮ್ಮೆ ಓದಿದರು.

“ಎರಡೂ ಒಂದೇ ಇದೆ ಅತ್ತೆ” ಎಂದರು.

“ಸರಿ” ಎಂದು ಅಮ್ಮ ಉಣ್ಣೆಯುಂಡೆಯನ್ನು ಅವರ ಕೈಗಿಟ್ಟಳು. “ಕೂತ್ಕೊಳ್ಳಿ. ನಾನು ಹೆಣೀತೀನಿ, ನೀವು ಸಾಲು ಎಣಿಸಿ.”

ಭಾವ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.